ಚಿಲಿಕಾಕ್ಕೆ ಹೊಸ ಅಳಿವೆ ತೋಡಿದ ಕತೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ 2024ರ ಜನವರಿ ಕೊನೆಗೆ ರಾಮ್ಸಾರ್ ಪಟ್ಟಿಗೆ ಸೇರಿತು. ಒಟ್ಟು 4,801 ಹೆಕ್ಟೇರ್. ಹೀಗೆ ದೊಡ್ಡ ಹೆಸರು ಬಂದಾಗ ದಂಡೆಯ ಊರಿನವರಿಗೆ ಮೊದಲು ಏಳುವುದು ಹೊಟ್ಟೆಪಾಡಿನ ಪ್ರಶ್ನೆಗಳೇ. ಬಳಚು ಹೆಕ್ಕಲು ಬಿಡುತ್ತಾರೋ ಇಲ್ಲವೋ? ಗಜನಿಯಲ್ಲಿ ಕಗ್ಗ ಬೆಳೆಯಬಹುದೋ? ಬಲೆ ಬೀಸಿದರೆ ಕೇಸು ಬೀಳುತ್ತದೋ?

ಈ ಹೆಸರು ಬಂದದ್ದು ಇರಾನಿನ ರಾಮ್ಸಾರ್ ಪಟ್ಟಣದಿಂದ. 1971ರಲ್ಲಿ ಅಲ್ಲಿ ಜೌಗು ಪ್ರದೇಶಗಳ ಬಗ್ಗೆ ಒಂದು ಒಪ್ಪಂದವಾಯಿತು. ಜನ ನೀರಿಗೆ ಇಳಿಯಬಾರದು ಎಂದು ಆ ಒಪ್ಪಂದ ಹೇಳುವುದಿಲ್ಲ. ಜಾಗದ ಗುಣ ಕೆಡದ ಹಾಗೆ ವಿವೇಕದಿಂದ ಬಳಸಿ, ಅದಕ್ಕೊಂದು ಯೋಜನೆ ಮಾಡಿ ಎನ್ನುತ್ತದೆ. ಆ ಯೋಜನೆಯಲ್ಲಿ ಏನು ಬರೆಯುತ್ತಾರೆ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ. ನಮಗಿಂತ 40 ವರ್ಷಕ್ಕೂ ಮೊದಲೇ ಈ ದಾರಿ ಹಿಡಿದ ಜಾಗವೊಂದು ಒಡಿಶಾದಲ್ಲಿದೆ. ಅದರ ಇತಿಹಾಸ ನಮಗೆ ಗೊತ್ತಿರಬೇಕು.

ಸಿಹಿ ನೀರು, ಉಪ್ಪು ನೀರು

ಪುರಿ, ಖುರ್ದಾ, ಗಂಜಾಂ ಜಿಲ್ಲೆಗಳ ನಡುವೆ, ಬಂಗಾಳ ಕೊಲ್ಲಿಗೆ ಅಂಟಿಕೊಂಡಂತೆ ಚಿಲಿಕಾ ಸರೋವರ ಹಬ್ಬಿದೆ. ಮಳೆಗಾಲದಲ್ಲಿ ಸುಮಾರು 1,165 ಚದರ ಕಿ.ಮೀ., ಬೇಸಿಗೆಯಲ್ಲಿ 906 ಚದರ ಕಿ.ಮೀ. ಒಂದು ಕಡೆಯಿಂದ ಮಹಾನದಿಯ ಕವಲುಗಳು ಸಿಹಿ ನೀರು ತರುತ್ತವೆ. ಇನ್ನೊಂದು ಕಡೆಯಿಂದ ಅಳಿವೆ ದಾಟಿ ಕಡಲ ನೀರು ಬರುತ್ತದೆ. ಎರಡೂ ಹದವಾಗಿ ಬೆರೆತರೆ ಮೀನು, ಸಿಗಡಿ, ಏಡಿಗೆ ಹಬ್ಬ. ಹದ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಅಳಿವೆಯ ಬದಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರೋವರದ ನಡುವೆ ನಲಬಣ ಎಂಬ ನಡುಗಡ್ಡೆ ಇದೆ. ಮಳೆಗಾಲದಲ್ಲಿ ಮುಳುಗಿ, ನೀರು ಇಳಿದಾಗ ಮತ್ತೆ ಮೇಲೇಳುತ್ತದೆ. ಚಳಿಗಾಲದಲ್ಲಿ ಉತ್ತರದ ಶೀತ ನಾಡುಗಳಿಂದ ಹಾರಿಬರುವ ಹಕ್ಕಿಗಳಿಗೆ ಅದೇ ಬಿಡಾರ. 15.53 ಚದರ ಕಿ.ಮೀ. ಹರವಿನ ಈ ಜಾಗ 1987ರಲ್ಲಿ ಪಕ್ಷಿಧಾಮವಾಯಿತು. ಅದಕ್ಕೂ ಮೊದಲೇ, 1981ರಲ್ಲಿ, ಇಡೀ ಚಿಲಿಕಾಕ್ಕೆ ರಾಮ್ಸಾರ್ ಪಟ್ಟ ಸಿಕ್ಕಿತ್ತು. ಭಾರತದಿಂದ ಆ ಪಟ್ಟಿಗೆ ಸೇರಿದ ಮೊದಲ ಎರಡು ತಾಣಗಳು ಚಿಲಿಕಾ ಮತ್ತು ರಾಜಸ್ಥಾನದ ಕೇವಲಾದೇವ್.

ಪಟ್ಟ ಸಿಕ್ಕಿತೆಂದು ಸರೋವರ ಉಳಿಯಲಿಲ್ಲ. ಮೇಲಿನ ಗುಡ್ಡ, ಹೊಲಗಳ ಹೂಳು ನದಿಗಳ ಜೊತೆ ಇಳಿದು ಬಂತು. ಕಡಲ ಅಲೆಗಳು ದಂಡೆಯ ಮರಳನ್ನು ಸರಿಸುತ್ತ ಅಳಿವೆಯನ್ನು ದೂರ ದೂರಕ್ಕೆ ತಳ್ಳಿದವು. ಕಾಲುವೆ ಉದ್ದವಾಯಿತು, ಕಿರಿದಾಯಿತು, ಹೂಳು ತುಂಬಿತು. ಉಪ್ಪು ನೀರು ಒಳಗೆ ಬರುವುದು ಕಡಿಮೆಯಾದಂತೆ ಸಿಹಿ ನೀರಿನ ಕಳೆ ಹಬ್ಬಿತು. ಕಡಲಿನಿಂದ ಬರಬೇಕಾದ ಮೀನಿನ ಮರಿಗಳಿಗೆ ದಾರಿ ಇಲ್ಲವಾಯಿತು. 1980ರ ದಶಕದ ನಡುವೆ ವರ್ಷಕ್ಕೆ 8,000 ಟನ್‌ಗೂ ಮಿಕ್ಕಿ ಸಿಗುತ್ತಿದ್ದ ಮೀನು, ಸಿಗಡಿ 1999–2000ರ ಹೊತ್ತಿಗೆ ಸುಮಾರು 1,700 ಟನ್‌ಗೆ ಇಳಿಯಿತು. 1993ರಲ್ಲಿ ಚಿಲಿಕಾವನ್ನು 'ಮಾಂಟ್ರೂ ದಾಖಲೆ'ಗೆ ಸೇರಿಸಿದರು. ಗುಣ ಕೆಡುತ್ತಿರುವ ರಾಮ್ಸಾರ್ ತಾಣಗಳನ್ನು ಬರೆದಿಡುವ ಪಟ್ಟಿ ಅದು.

ಒಂದೇ ವರ್ಷ, ಎರಡು ಆದೇಶ

1991ರಲ್ಲಿ ಒಡಿಶಾ ಸರ್ಕಾರ ಚಿಲಿಕಾ ಅಭಿವೃದ್ಧಿ ಪ್ರಾಧಿಕಾರವನ್ನು ಕಟ್ಟಿತು. ಸರೋವರ ಉಳಿಸಲು ಯೋಜನೆ ಮಾಡುವುದು ಅದರ ಕೆಲಸ. ಅದೇ ವರ್ಷ ಅದೇ ಸರ್ಕಾರ ಗುತ್ತಿಗೆಯ ಹೊಸ ನೀತಿಯನ್ನೂ ತಂದಿತು.

ಚಿಲಿಕಾದಲ್ಲಿ ಯಾರು ಎಲ್ಲಿ ಬಲೆ ಬೀಸಬೇಕು ಎಂಬುದಕ್ಕೆ ತಲೆಮಾರುಗಳಿಂದ ಬಂದ ಕಟ್ಟಳೆ ಇತ್ತು. ಕೇವುಟ, ಕಂದರಾ, ನೋಲಿಯಾ ಮೊದಲಾದ ಮೀನುಗಾರ ಜಾತಿಗಳು ತಮ್ಮ ತಮ್ಮ ನೀರಿನಲ್ಲಿ, ತಮ್ಮ ತಮ್ಮ ಬಲೆಯಲ್ಲಿ ದುಡಿಯುತ್ತಿದ್ದವು. ಮುಂದೆ ಅವರ ಸಹಕಾರ ಸಂಘಗಳಿಗೆ ಸರ್ಕಾರವೇ ನೀರನ್ನು ಗುತ್ತಿಗೆ ಕೊಡುತ್ತಿತ್ತು. ಹೊಸ ನೀತಿ ಸರೋವರವನ್ನು 'ಹಿಡಿಯುವ' ನೀರು, 'ಸಾಕುವ' ನೀರು ಎಂದು ಎರಡು ಪಾಲು ಮಾಡಿತು. ಸಾಕುವ ನೀರಿಗೆ ಮೀನುಗಾರರಲ್ಲದವರೂ ಇಳಿದರು. ಬಿದಿರು, ಬಲೆ ಕಟ್ಟಿ ಸಿಗಡಿ ಸಾಕುವ ಆವರಣಗಳು ಎದ್ದವು. ಅಲ್ಲಿನವರು ಅದನ್ನು ಘೇರಿ ಎನ್ನುತ್ತಾರೆ. ಆಗ ವಿದೇಶಿ ಮಾರುಕಟ್ಟೆಯಲ್ಲಿ ಸಿಗಡಿಗೆ ಚಿನ್ನದ ಬೆಲೆ. ಟಾಟಾ ಸಂಸ್ಥೆ ಮತ್ತು ರಾಜ್ಯ ಸರ್ಕಾರ ಸೇರಿ ದೊಡ್ಡ ಸಿಗಡಿ ಯೋಜನೆಗೆ ಹೊರಟಾಗ ಮೀನುಗಾರರು, ವಿದ್ಯಾರ್ಥಿಗಳು ಬೀದಿಗಿಳಿದರು. 'ಚಿಲಿಕಾ ಬಚಾವೋ' ಚಳವಳಿಯ ಒತ್ತಡಕ್ಕೆ ಆ ಯೋಜನೆ ನಿಂತಿತು.

1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಸಿಗಡಿ ಕೃಷಿಯ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಹಾಕಿದ ಅರ್ಜಿ ಅದು. ಚಿಲಿಕಾ ಮತ್ತು ಪುಲಿಕಾಟ್ ಸರೋವರಗಳ ಸುತ್ತ 1,000 ಮೀಟರ್ ಒಳಗೆ ಸಿಗಡಿ ಉದ್ಯಮ ಇರಬಾರದೆಂದು ಕೋರ್ಟ್ ಹೇಳಿತು. ಆದರೂ ಘೇರಿಗಳು ಉಳಿದವು. ಕೊನೆಗೆ 1999ರ ಮೇ ತಿಂಗಳಲ್ಲಿ ಮೀನುಗಾರರೇ ಅಕ್ರಮ ಘೇರಿಗಳನ್ನು ಕಿತ್ತುಹಾಕಿದರು. ಮೇ 29ರ ರಾತ್ರಿ ಸೊರಾನ ಗ್ರಾಮದಲ್ಲಿ ಪೊಲೀಸರು ಗುಂಡು ಹಾರಿಸಿದರು. ನಾಲ್ವರು ಸತ್ತರು. ಅವರಲ್ಲಿ ಒಬ್ಬಳು ಹೆಂಗಸು.

2000ರ ಸೆಪ್ಟೆಂಬರ್ 23

ಇಷ್ಟರಲ್ಲಿ ಪ್ರಾಧಿಕಾರ ನೀರಿನ ಲೆಕ್ಕ ಹಾಕುತ್ತಿತ್ತು. ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಮಾದರಿಗಳ ಮೂಲಕ ಅಧ್ಯಯನ ಮಾಡಿತು. ಸಿಪಾಕುಡಾ ಬಳಿ ಮರಳದಂಡೆ ಕತ್ತರಿಸಿ ಹೊಸ ಅಳಿವೆ ಮಾಡುವುದೆಂದು ತೀರ್ಮಾನವಾಯಿತು. 2000ರ ಸೆಪ್ಟೆಂಬರ್ 23ರಂದು ಅದು ತೆರೆಯಿತು. ಕಡಲಿಗೆ ಹೋಗುವ ಕಾಲುವೆ ಸುಮಾರು 18 ಕಿ.ಮೀ. ಕಡಿಮೆಯಾಯಿತು. ಉಬ್ಬರದ ನೀರು ಮತ್ತೆ ಒಳಗೆ ನುಗ್ಗಿತು.

ಫಲ ಬೇಗ ಕಂಡಿತು. 2001–02ರಲ್ಲಿ ಸಿಕ್ಕ ಮೀನು, ಸಿಗಡಿ ಸುಮಾರು 12,000 ಟನ್. 2002ರಲ್ಲಿ ಚಿಲಿಕಾ ಮಾಂಟ್ರೂ ದಾಖಲೆಯಿಂದ ಹೊರಬಂತು. ಏಷ್ಯಾದಲ್ಲಿ ಹಾಗೆ ಹೊರಬಂದ ಮೊದಲ ತಾಣ ಅದು. ಅದೇ ವರ್ಷ ರಾಮ್ಸಾರ್ ಸಂರಕ್ಷಣಾ ಪ್ರಶಸ್ತಿಯೂ ಬಂತು.

ಉತ್ತರ ದಂಡೆಯ ಮಂಗಳಾಜೋಡಿಯಲ್ಲಿ ಇನ್ನೊಂದು ಬದಲಾವಣೆ ಆಯಿತು. ಹಕ್ಕಿ ಬೇಟೆಗೆ ಹೆಸರಾದ ಊರು ಅದು. ಅಲ್ಲಿನ ಬೇಟೆಗಾರರೇ ಹಕ್ಕಿ ಕಾಯುವ ಸಮಿತಿ ಕಟ್ಟಿದರು. ಈಗ ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ದು ಹಕ್ಕಿ ತೋರಿಸಿ ದುಡಿಯುತ್ತಾರೆ. ಯಾವ ಹಕ್ಕಿ ಎಲ್ಲಿ ಕೂರುತ್ತದೆ ಎಂಬುದು ಬೇಟೆಗಾರನಿಗಿಂತ ಹೆಚ್ಚು ಯಾರಿಗೆ ಗೊತ್ತು?

ಅರ್ಧ ಗೆಲುವು

ಆದರೆ ಘೇರಿ ತೆರವಿನ ಕಾರ್ಯಾಚರಣೆ ಆಮೇಲೂ ಪದೇ ಪದೇ ಮಾಡಬೇಕಾಗಿ ಬಂದಿದೆ. ನೀರಿಗೆ ದಾರಿ ಮಾಡುವ ಕೆಲಸವನ್ನು ಎಂಜಿನಿಯರು ಒಂದೇ ಋತುವಿನಲ್ಲಿ ಮುಗಿಸಬಲ್ಲ. ಆ ನೀರಿನಲ್ಲಿ ಯಾರಿಗೆ ಎಷ್ಟು ಪಾಲು ಎಂಬುದನ್ನು ಯೋಜನೆ ಮೊದಲೇ ಬರೆಯದಿದ್ದರೆ ದುಡ್ಡಿದ್ದವನು ಬೇಲಿ ಹಾಕುತ್ತಾನೆ. 1991ರ ಎರಡು ಆದೇಶಗಳು ಒಂದನ್ನೊಂದು ನೋಡಿದ್ದರೆ ಸೊರಾನದ ರಾತ್ರಿ ಬರುತ್ತಿರಲಿಲ್ಲವೇನೋ.

ಅಘನಾಶಿನಿ ಚಿಲಿಕಾದಷ್ಟು ದೊಡ್ಡದಲ್ಲ, ಅಷ್ಟು ಕೆಟ್ಟೂ ಇಲ್ಲ. ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ ಅದು. ಯೋಜನೆಯ ಕರಡು ಗ್ರಾಮಸಭೆಗೆ ಬಂದರೆ ಮೂರು ವಿಷಯ ಹುಡುಕಿ ನೋಡಿ. ಶಿರಸಿ, ಸಿದ್ದಾಪುರದ ಮೇಲ್ಭಾಗದ ಹೂಳಿನ ಬಗ್ಗೆ ಏನು ಹೇಳಿದೆ? ಗಜನಿಯ ಕಟ್ಟು, ಬಾಗಿಲು ಯಾರ ಕೈಯಲ್ಲಿ ಎಂದಿದೆ? ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ನೀರಿಗಿಳಿಯುವ ಹೆಂಗಸರ ಬಳಚಿನ ಹಕ್ಕು ಯಾವ ಪುಟದಲ್ಲಿದೆ? ಕರಡು ಬರದಿದ್ದರೆ ಪಂಚಾಯಿತಿಗೆ ಅರ್ಜಿ ಬರೆದು ಕೇಳಿ. ಬೇಲಿ ಬಿದ್ದ ಮೇಲೆ ಕೀಳುವುದು ಎಷ್ಟು ಕಷ್ಟ ಎಂಬುದನ್ನು ಚಿಲಿಕಾದ ಮೀನುಗಾರರು ನೋಡಿದ್ದಾರೆ.