ಮೊರಾಕ್ಕೋದ ಕಠಾರಿಗೆ ವಯಸ್ಸೆಷ್ಟು?

ಹಳೆಯ ವಸ್ತುವಿನ ಮೇಲೆ ಇಸವಿ ಕೆತ್ತಿದ್ದರೆ ಅದರ ವಯಸ್ಸು ತಿಳಿದೇಬಿಟ್ಟಿತು ಎಂದು ನಾವು ಭಾವಿಸುತ್ತೇವೆ. ಮೊರಾಕ್ಕೋದ ಕಠಾರಿಗಳ ವಿಷಯದಲ್ಲಿ ಲೆಕ್ಕ ಅಷ್ಟು ಸುಲಭವಲ್ಲ.

ಮೊದಲು ಗುರುತು ನೋಡೋಣ. ಅಲ್ಲಿನ ಪ್ರಸಿದ್ಧ ಕಠಾರಿಯ ಹೆಸರು ಕುಮ್ಮಿಯ. ಅರಬರೂ ಬರ್ಬರರೂ ಇದನ್ನು ಧರಿಸುತ್ತಿದ್ದರು. ಇದರ ಅಲಗು ಹಿಡಿಯ ಬಳಿ ನೆಟ್ಟಗಿದ್ದು ಮುಂದೆ ಬಾಗುತ್ತದೆ. ಒರೆಯ ತುದಿ ಇನ್ನೂ ಹೆಚ್ಚು ಮೇಲಕ್ಕೆ ಕೊಂಕಿರುತ್ತದೆ. ಹಿಡಿಯ ತಲೆ ಬಿಚ್ಚಿದ ನವಿಲುಗರಿಯ ಹಾಗೆ ಅಗಲ. ಒರೆಯ ಎರಡು ಬಳೆಗಳಿಗೆ ದಾರ ಕಟ್ಟಿ, ಬಲ ಹೆಗಲ ಮೇಲಿಂದ ಹಾಯಿಸಿ, ಎಡಬದಿಗೆ ತೂಗುಬಿಡುತ್ತಾರೆ. ನೆಟ್ಟನೆಯ ಅಲಗಿನ ಇನ್ನೊಂದು ಬಗೆಗೆ ಜೆನುವಿ ಎನ್ನುತ್ತಾರೆ. ಈ ಹೆಸರು ಇಟಲಿಯ ಜಿನೋವಾ ಬಂದರಿನಿಂದ ಬಂದದ್ದು.

ಹೆಸರಿನಲ್ಲೇ ಒಂದು ಸುಳಿವಿದೆ. ಯುರೋಪಿನಿಂದ ಬಂದ ಅಲಗುಗಳಿಗೆ ಸ್ಥಳೀಯ ಕಸುಬುದಾರರು ಹಿಡಿ, ಒರೆ ಕೂಡಿಸುತ್ತಿದ್ದರು. ಒರೆ ಹಾಳಾದರೆ ಹೊಸದು ಬರುತ್ತಿತ್ತು, ಅಲಗು ಹಳೆಯದೇ ಉಳಿಯುತ್ತಿತ್ತು. ಆದ್ದರಿಂದ ಅಲಗು, ಹಿಡಿ, ಒರೆ ಮೂರಕ್ಕೂ ಬೇರೆ ಬೇರೆ ವಯಸ್ಸು ಇರಬಹುದು. ಅಲಗಿನ ಮೇಲಿನ ಇಸವಿ ಅಲಗಿಗೆ ಮಾತ್ರ ಸಾಕ್ಷಿ.

ಇನ್ನು ಇಸವಿ ಓದುವ ಬಗೆ. ಮೊರಾಕ್ಕೋದವರ ಅಂಕಿಗಳು ಬಹುಮಟ್ಟಿಗೆ ನಾವು ಬರೆಯುವ 1, 2, 3ರ ರೂಪದವೇ. ಅಲಗಿನ ಮೇಲೆ 1306 ಎಂದಿದ್ದರೆ ಏಳುನೂರು ವರ್ಷದ ಆಯುಧವೆಂದು ಬೆರಗಾಗಬೇಡಿ. ಅದು ಹಿಜರಿ ವರ್ಷವಿರಬಹುದು. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ. ಶಾಸನದ ಶಕವರ್ಷಕ್ಕೆ 78 ಕೂಡಿಸುವಂತೆ ಇಲ್ಲಿ ಒಂದೇ ಸಂಖ್ಯೆ ಕೂಡಿಸಿದರೆ ಆಗದು. 0.97ರಿಂದ ಗುಣಿಸಿ 622 ಕೂಡಿಸಿದರೆ ಹೆಚ್ಚುಕಡಿಮೆ ಸರಿಯಾಗುತ್ತದೆ. 1306 ಎಂದರೆ ಕ್ರಿ.ಶ. 1888-89.

1912ರಿಂದ 1956ರವರೆಗೆ ಮೊರಾಕ್ಕೋ ಫ್ರಾನ್ಸ್ ಮತ್ತು ಸ್ಪೇನಿನ ರಕ್ಷಣಾಧೀನದಲ್ಲಿತ್ತು. 20ನೆಯ ಶತಮಾನದಲ್ಲಿ ಪ್ರವಾಸಿಗರಿಗೆಂದೇ ಮಾಡಿದ ಕುಮ್ಮಿಯಗಳು ಹೆಚ್ಚಿದವು. ತೆಳು ಹಿತ್ತಾಳೆ ತಗಡಿನ ಒರೆ, ಹರಿತವೇ ಇಲ್ಲದ ಅಲಗು ಇವುಗಳ ಸಾಮಾನ್ಯ ಲಕ್ಷಣ. ನಿಜವಾಗಿ ಧರಿಸಿದ ಕಠಾರಿಯಲ್ಲಿ ದಾರ ಉಜ್ಜಿ ಬಳೆ ಸವೆದಿರುತ್ತದೆ, ಕೈ ತಾಗಿ ಹಿಡಿ ನುಣುಪಾಗಿರುತ್ತದೆ. ಆದರೆ ಸವೆತವನ್ನೂ ನಕಲು ಮಾಡಬಹುದು. ಒಂದೇ ಗುರುತನ್ನು ನಂಬಿ ತೀರ್ಪು ಕೊಡುವಂತಿಲ್ಲ.

ಇಷ್ಟೆಲ್ಲ ಏಕೆ ಎನ್ನುವಿರಾ? ಎಂಬತ್ತು ವರ್ಷದ ಕಠಾರಿಗೆ ಮುನ್ನೂರು ವರ್ಷದ ಚೀಟಿ ಅಂಟಿಸಿದರೆ ಕೊಂಡವನ ಹಣವಷ್ಟೇ ಹೋಗುವುದಿಲ್ಲ. ಅದನ್ನು ಮಾಡಿದ ಕಸುಬುದಾರನ ಕಾಲವೇ ಅಳಿಸಿಹೋಗುತ್ತದೆ. ಆದ್ದರಿಂದ ಇಸವಿ ಕಂಡಾಗಲೆಲ್ಲ ಎರಡು ಪ್ರಶ್ನೆ ಕೇಳಲು ನಮ್ಮ ಮಕ್ಕಳಿಗೆ ಕಲಿಸೋಣ: ಇದು ಯಾವ ಕಾಲಗಣನೆಯದು? ವಸ್ತುವಿನ ಯಾವ ಭಾಗದ್ದು?