ಬಿಳಿ ವ್ಯಾನಿನ ಬೆನ್ನು ಹತ್ತಿ

2002ರ ಅಕ್ಟೋಬರ್ 3ರಂದು ಅಮೆರಿಕದ ವಾಷಿಂಗ್ಟನ್ ಮತ್ತು ಪಕ್ಕದ ಮೇರಿಲ್ಯಾಂಡಿನಲ್ಲಿ ಒಂದೇ ದಿನ ಐವರು ಗುಂಡೇಟಿಗೆ ಬಲಿಯಾದರು. ಒಬ್ಬ ಹುಲ್ಲು ಕತ್ತರಿಸುತ್ತಿದ್ದ, ಇನ್ನೊಬ್ಬ ಟ್ಯಾಕ್ಸಿಗೆ ಪೆಟ್ರೋಲ್ ತುಂಬಿಸುತ್ತಿದ್ದ. ಗುಂಡು ಹಾರಿಸಿದವನನ್ನು ಕಂಡವರಿಲ್ಲ.

ಕಂಡವರಿಲ್ಲದ ಕಡೆ ಊಹೆಗೇನು ಬರ! ಯಾರೋ ಬಿಳಿ ಟ್ರಕ್ ನೋಡಿದೆನೆಂದರು. ಅಲ್ಲಿಂದ ಹೆದ್ದಾರಿಯ ಬಿಳಿ ವ್ಯಾನುಗಳಿಗೆಲ್ಲ ಗ್ರಹಚಾರ ಶುರುವಾಯಿತು. ಟಿವಿಯಲ್ಲಿ ಕೂತ ತಜ್ಞರ ಪ್ರಕಾರ ಹಂತಕ ಒಂಟಿ ಬಿಳಿಯ. ಸೆಪ್ಟೆಂಬರ್ 11ರ ದಾಳಿಗೆ ಆಗಷ್ಟೇ ವರ್ಷ ತುಂಬಿತ್ತು, ಹಾಗಾಗಿ ಅಲ್ ಖೈದಾ ಹೆಸರೂ ತೇಲಿತು. ಶಾಲೆಯೊಂದರ ಬಳಿ ಸಾವಿನ ಚಿತ್ರದ ಟ್ಯಾರೋ ಕಾರ್ಡ್ ಸಿಕ್ಕಿತೆಂಬ ಸುದ್ದಿ ಸೋರಿದ ಮೇಲಂತೂ ಹೇಳುವುದೇ ಬೇಡ. ಫಾಲ್ಸ್ ಚರ್ಚ್‌ನಲ್ಲಿ ಒಬ್ಬ ಭೂಪ ತಿಳಿಬಣ್ಣದ ವ್ಯಾನ್ ಕಂಡೆನೆಂದು ಪೊಲೀಸರಿಗೆ ಹಸಿ ಸುಳ್ಳು ಹೇಳಿ ಆಮೇಲೆ ತಾನೇ ಕೇಸಿಗೆ ಸಿಕ್ಕಿಬಿದ್ದ.

ಅಸಲಿ ವಾಹನ 1990ರ ನೀಲಿ ಷೆವರ್ಲೆ ಕಾರು. ಪೊಲೀಸರು ಅದರ ನಂಬರನ್ನು ಹಲವು ಬಾರಿ ಪರಿಶೀಲಿಸಿದ್ದರು. ಅಕ್ಟೋಬರ್ 8ರಂದು ಬಾಲ್ಟಿಮೋರಿನಲ್ಲಿ ಒಳಗೆ ಮಲಗಿದ್ದವನನ್ನು ಎಬ್ಬಿಸಿ, ಮಾತಾಡಿಸಿ, ಕಳಿಸಿಯೂ ಬಿಟ್ಟಿದ್ದರು!

ಕೊನೆಗೆ ನೆರವಾದದ್ದು ಊಹೆಯಲ್ಲ, ಕಾರಿನ ಖಚಿತ ವಿವರ. ಅದನ್ನು ರೇಡಿಯೊದಲ್ಲಿ ಕೇಳಿದ್ದ ಲಾರಿ ಚಾಲಕ ಹೆದ್ದಾರಿಯ ತಂಗುತಾಣದಲ್ಲಿ ಕಾರನ್ನು ಗುರುತಿಸಿದ. 24ರ ನಸುಕಿನಲ್ಲಿ ಸಿಕ್ಕಿದ್ದು ಒಬ್ಬನಲ್ಲ, ಇಬ್ಬರು: ಮಾಜಿ ಸೈನಿಕ ಜಾನ್ ಅಲೆನ್ ಮುಹಮ್ಮದ್ ಮತ್ತು 17ರ ಹುಡುಗ. ಇಬ್ಬರೂ ಕರಿಯರು. ಕಾರಿನ ಡಿಕ್ಕಿಯಲ್ಲಿ ಬಂದೂಕಿನ ನಳಿಗೆ ತೂರಿಸಲು ತೂತು ಕೊರೆಯಲಾಗಿತ್ತು. ಅಷ್ಟರಲ್ಲಿ ಸತ್ತವರು ಹತ್ತು ಮಂದಿ.