ಸಲ್ಲುವ ಕಾಸು, ಸಲ್ಲದ ಕಾಸು

ಚೆನ್ನೈನ ಸೌಕಾರ್‌ಪೇಟೆಯಲ್ಲಿರುವ ಮಿಂಟ್ ಸ್ಟ್ರೀಟಿನ ತಮಿಳು ಹೆಸರು ‘ತಂಗಸಾಲೈ’. ತಂಗಂ ಎಂದರೆ ಚಿನ್ನ, ಸಾಲೈ ಎಂದರೆ ರಸ್ತೆ. ಹಾಗಾಗಿ ಚಿನ್ನದ ರಸ್ತೆ ಎಂದು ಅರ್ಥ ಹೇಳುವವರಿದ್ದಾರೆ. ಕನ್ನಡದ ಕಿವಿಗೆ ಮಾತ್ರ ಅದು ಟಂಕಸಾಲೆ ಎಂದೇ ಕೇಳುತ್ತದೆ. ಕಂಪನಿಯ ಮದ್ರಾಸ್ ಟಂಕಸಾಲೆ 1840ರ ದಶಕದಲ್ಲಿ ಕೋಟೆಯಿಂದ ಈ ಬೀದಿಗೆ ಬಂತು, 1869ರಲ್ಲಿ ಮುಚ್ಚಿತು. ಆಮೇಲೆ ಆ ಜಾಗಕ್ಕೆ ಸರ್ಕಾರಿ ಮುದ್ರಣಾಲಯ ಬಂತು. ಅಲ್ಲಿಂದ ಉತ್ತರಕ್ಕೆ, 1856ರ ರಾಯಪುರಂ ರೈಲು ನಿಲ್ದಾಣವನ್ನು ದಾಟಿ ಸಮುದ್ರದ ಕಡೆಗೆ ಹೋದರೆ ಕಾಸಿಮೇಡು, ನಗರದ ದೊಡ್ಡ ಮೀನುಗಾರಿಕೆ ಬಂದರು. ಕಾಸಿಗೂ ಕಾಸಿಮೇಡಿಗೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ನನ್ನ ಸಂಗ್ರಹದ ಕಾಸುಗಳಲ್ಲಿ ಹೆಚ್ಚಿನವು ಸಿಕ್ಕಿದ್ದು ಅಲ್ಲೇ.

ಕರಾವಳಿಯವನಾದ ನನಗೆ ಭಾನುವಾರ ಬೆಳಗಿನ ಕಾಸಿಮೇಡು ಒಂದು ಚಟ. ಬಂಗುಡೆಯೋ ಅಂಜಲೋ ಕೊಂಡು, ತಿರುಗಿ ಬಂದ ಚಿಲ್ಲರೆಯನ್ನು ಮನೆಯಲ್ಲಿ ತೊಳೆದು ಒಂದೊಂದಾಗಿ ನೋಡುತ್ತೇನೆ. ನಾನು ಹುಡುಕುವುದು ಅಪರೂಪದ ನಾಣ್ಯವನ್ನಲ್ಲ, ತಪ್ಪಿದ ನಾಣ್ಯವನ್ನು. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಎಲ್ಲ ಟೆಸ್ಟಿಂಗ್ ದಾಟಿ ಪ್ರೊಡಕ್ಷನ್‌ಗೆ ಬಂದುಬಿಟ್ಟ ಬಗ್‌ಗಳು.

ತಪ್ಪು ಹೇಗಾಗುತ್ತದೆ ಎಂದು ತಿಳಿಯಲು ನಾಣ್ಯ ಹೇಗಾಗುತ್ತದೆ ಎಂದು ತಿಳಿದರೆ ಸಾಕು. ಲೋಹದ ಹಾಳೆಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆ ಒಂದು ಬಳೆಯೊಳಗೆ ಕೂರುತ್ತದೆ, ಮೇಲೊಂದು ಕೆಳಗೊಂದು ಅಚ್ಚು ಅದನ್ನು ಒತ್ತುತ್ತವೆ. ಹಾಳೆಯಲ್ಲಿ ಈಗಾಗಲೇ ತೂತಾದ ಜಾಗದ ಮೇಲೆ ಕತ್ತರಿ ಬಿದ್ದರೆ, ಕಚ್ಚಿದ ಬಿಸ್ಕತ್ತಿನಂಥ ನಾಣ್ಯ. ಬಿಲ್ಲೆ ಸರಿಯಾಗಿ ಕೂರದಿದ್ದರೆ ಚಿತ್ರ ಪಕ್ಕಕ್ಕೆ ಸರಿದು ಒಂದು ಬದಿ ಬೋಳು. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಉಬ್ಬಿದ ಗೆರೆ. ಒತ್ತಿದ ನಾಣ್ಯ ಹೊರಗೆ ಬೀಳದೆ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಕನ್ನಡಿಯ ಪ್ರತಿಬಿಂಬದಂತೆ ತಿರುಗಿದ, ಒಳಕ್ಕೆ ತಗ್ಗಿದ ಚಿತ್ರ. ಇನ್ನೊಂದು ತಪ್ಪನ್ನು ನೀವೇ ಪರೀಕ್ಷಿಸಬಹುದು. ಸ್ವತಂತ್ರ ಭಾರತದ ನಾಣ್ಯವನ್ನು ಪುಸ್ತಕದ ಪುಟ ತಿರುವಿದಂತೆ ಎಡದಿಂದ ಬಲಕ್ಕೆ ತಿರುಗಿಸಿದರೆ ಹಿಂಬದಿಯೂ ನೇರವಾಗಿ ನಿಲ್ಲಬೇಕು. ವಾಲಿ ನಿಂತರೆ ಅಚ್ಚು ತಿರುಗಿತ್ತು ಎಂದರ್ಥ.

ಬರೀ ವ್ಯತ್ಯಾಸವನ್ನು ತಪ್ಪೆಂದುಕೊಳ್ಳುವುದೂ ಉಂಟು. ವರ್ಷದ ಕೆಳಗೆ ಚುಕ್ಕೆ ಇದ್ದರೆ ಅದು ನೋಯ್ಡಾ, ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್. ಏನೂ ಇಲ್ಲದಿದ್ದರೆ ಕೋಲ್ಕತ್ತಾ. 1985ರ ಕೆಲವು ಒಂದು ರೂಪಾಯಿಗಳಲ್ಲಿ ‘ಎಚ್’ ಎಂಬ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಅದೂ ದೋಷವಲ್ಲ, ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾದ ಗುರುತು.

ಈ ‘ತಪ್ಪು’ ಎಂಬ ಕಲ್ಪನೆಯೇ ಯಂತ್ರದ ಜೊತೆ ಬಂದದ್ದು. ಸುತ್ತಿಗೆಯಿಂದ ಹೊಡೆದು ನಾಣ್ಯ ಮಾಡುತ್ತಿದ್ದ ಕಾಲದಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಅರ್ಧ ಅಕ್ಷರ ಹೊರಗೆ ಹೋದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸರಾಫ ತೂಕ ನೋಡುತ್ತಿದ್ದ, ಲೋಹದ ಶುದ್ಧಿ ನೋಡುತ್ತಿದ್ದ, ಅಷ್ಟೆ. ಶ್ರೀರಂಗಪಟ್ಟಣದ ಟಿಪ್ಪುವಿನ ನಾಣ್ಯಗಳನ್ನು ನೋಡಿ. ಮೌಲೂದಿ ಶಕೆ ಆರಂಭಿಸಿದ ಮೇಲೆ ಅವನು ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತದೆ. ಅದು ಅಚ್ಚಿನವನ ಎಡವಟ್ಟಲ್ಲ, ಸುಲ್ತಾನನ ಆಜ್ಞೆ.

ಮದ್ರಾಸ್ ಟಂಕಸಾಲೆಯ ರೂಪಾಯಿ ಇದಕ್ಕಿಂತ ವಿಚಿತ್ರ. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿ ಯಂತ್ರದಲ್ಲಿ ಅಚ್ಚಾದ ಆರ್ಕಾಟ್ ರೂಪಾಯಿಯ ಮೇಲಿರುವುದು ಹಿಜರಿ 1172, ಎಂದರೆ ಕ್ರಿ.ಶ. 1758-59. ಅದರ ಮೇಲಿನ ದೊರೆ ಎರಡನೇ ಆಲಂಗೀರ್, 1759ರಲ್ಲೇ ಕೊಲೆಯಾದವನು. ಊರಿನ ಹೆಸರು ಆರ್ಕಾಟ್, ಅಚ್ಚಾದದ್ದು ಮದ್ರಾಸಿನಲ್ಲಿ. ಇಸವಿ, ದೊರೆ, ಊರು ಮೂರೂ ಸುಳ್ಳು. ನಾಣ್ಯ ಮಾತ್ರ ಅಪ್ಪಟ. ಜನ ಹಳೆಯ ರೂಪಾಯಿಯನ್ನು ನಂಬಿದ್ದರು, ಆ ನಂಬಿಕೆ ಕೆಡಿಸಲು ಕಂಪನಿ ತಯಾರಿರಲಿಲ್ಲ.

1807-08ರಲ್ಲಿ ಇದೇ ಟಂಕಸಾಲೆ ಬೆಳ್ಳಿಯ ಅರ್ಧ ಪಗೋಡ ಹೊರಡಿಸಿತು. ಪಗೋಡ ಎಂದರೆ ನಮ್ಮ ವರಹವೇ. ಒಂದು ಬದಿಯಲ್ಲಿ ಗೋಪುರ, ಇನ್ನೊಂದು ಬದಿಯಲ್ಲಿ ವಿಷ್ಣು. ಬರಹ ಇಂಗ್ಲಿಷ್, ಪಾರ್ಸಿ, ತಮಿಳು, ತೆಲುಗಿನಲ್ಲಿ. ಹಡಗಿನಲ್ಲಿ ಬಂದ ಸ್ಪೇನಿನ ಬೆಳ್ಳಿ ಡಾಲರುಗಳ ಮೇಲೆಯೇ ಹೊಸ ಅಚ್ಚು ಒತ್ತಿದ್ದರಿಂದ, ಕೆಲವು ನಾಣ್ಯಗಳಲ್ಲಿ ಗೋಪುರದ ಅಡಿಯಿಂದ ಸ್ಪೇನಿನ ಅಕ್ಷರಗಳು ಇಣುಕುತ್ತವೆ. ಈಗಿನ ಸಂಗ್ರಾಹಕರು ಅದಕ್ಕೆಂದೇ ಮುಗಿಬೀಳುತ್ತಾರೆ.

ಎಲ್ಲವೂ ಒಂದೇ ಥರ ಇರಬೇಕು ಎಂಬ ನಿರೀಕ್ಷೆ ಬೇರೂರಿದ ಮೇಲೆ ಜನರ ಕಣ್ಣು ಬದಲಾಯಿತು. 1911ರಲ್ಲಿ ಐದನೇ ಜಾರ್ಜ್ ದೊರೆಯ ರೂಪಾಯಿ ಬಂತು. ಅವನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆಯ ಸೊಂಡಿಲು ಮೊಟಕಾಗಿತ್ತು, ನೋಡಿದವರಿಗೆ ಅದು ಹಂದಿ. ಸುಮಾರು 94 ಲಕ್ಷ ನಾಣ್ಯ ಅಚ್ಚಾಗಿ 7 ಲಕ್ಷದಷ್ಟು ಹೊರಬಿದ್ದಿದ್ದವು. ಹಿಂದೂ, ಮುಸ್ಲಿಂ ಇಬ್ಬರಿಗೂ ಸಿಟ್ಟು ಬರುವ ವಿಷಯ. ಸರ್ಕಾರ ನಾಣ್ಯವನ್ನು ಹಿಂದಕ್ಕೆ ಪಡೆದು ಕರಗಿಸಿತು, 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಬೆಳ್ಳಿಯಲ್ಲಿ ಕೊರತೆ ಇರಲಿಲ್ಲ. ಕೊರತೆ ಆದದ್ದು ನಂಬಿಕೆಗೆ.

ಈಗ ಹತ್ತು ರೂಪಾಯಿ ನಾಣ್ಯಕ್ಕೆ ಬನ್ನಿ. 2009ರಲ್ಲಿ ಬಳಕೆಗೆ ಬಂದ ಈ ಎರಡು ಲೋಹದ ನಾಣ್ಯದಲ್ಲಿ ಮೊದಲು 15 ಗೆರೆಗಳ ವಿನ್ಯಾಸ ಇತ್ತು. 2011ರಲ್ಲಿ ರೂಪಾಯಿ ಚಿಹ್ನೆ ಸೇರಿದಾಗ ಗೆರೆ 10 ಆಯಿತು. ‘ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ’ ಎಂದು ಯಾರೋ ವಾಟ್ಸಾಪಿನಲ್ಲಿ ಹಬ್ಬಿಸಿದರು. ತಮಿಳುನಾಡು, ಕರ್ನಾಟಕ ಎರಡರಲ್ಲೂ ಅಂಗಡಿಯವರು ನಾಣ್ಯವನ್ನೇ ಮುಟ್ಟದಾದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ 14 ವಿನ್ಯಾಸಗಳೂ ಸಿಂಧು ಎಂದು ಸ್ಪಷ್ಟವಾಗಿ ಹೇಳಿತು. ಆದರೂ ಕಾಸಿಮೇಡಿನಲ್ಲಿ ನಾನು ಚಾಚಿದ ನಾಣ್ಯವನ್ನು ಮೀನಿನ ಅಕ್ಕ ನೋಡಿದ ಕೂಡಲೇ ಹೇಳಿದರು: “ಇದು ಸೆಲ್ಲಾದು ಸಾರ್.”

ಸೆಲ್ಲಾದು, ಅಂದರೆ ನಮ್ಮ ‘ಸಲ್ಲದು’. ವಚನ ಓದಿದವರಿಗೆ ಟಂಕಸಾಲೆಯ ಹಳೆಯ ಹೆಸರು ಕಮ್ಮಟ ಎಂಬುದೂ, ಸಲ್ಲುವುದರ ಬೆಲೆಯೂ ಗೊತ್ತು. ಬ್ಯಾಂಕ್ ತೆಗೆದುಕೊಳ್ಳುತ್ತದೆ ಅಕ್ಕಾ ಎಂದೆ. “ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತರೆ ನನ್ನ ಮೀನು ಯಾರು ಮಾರುತ್ತಾರೆ? ಐಸ್ ಕೊಡುವವನು ತಗೊಳ್ಳಲ್ಲ, ಆಟೋದವನು ತಗೊಳ್ಳಲ್ಲ,” ಎಂದರು. ಅವರ ಲೆಕ್ಕ ಸರಿಯಾಗಿತ್ತು. ಸುತ್ತೋಲೆ ಕಾನೂನನ್ನು ಹೇಳುತ್ತದೆ. ಮುಂದಿನವನು ತೆಗೆದುಕೊಳ್ಳುತ್ತಾನೋ ಇಲ್ಲವೋ ಎಂಬುದು ದಿನದ ದುಡಿಮೆಯ ಪ್ರಶ್ನೆ. ಒಂದು ವದಂತಿಯಿಂದ ನನಗೆ ಹೋದದ್ದು ಹತ್ತು ರೂಪಾಯಿ. ಅಂಥ ಮೂವತ್ತು ನಾಣ್ಯ ಕೈಯಲ್ಲಿ ಉಳಿದರೆ ಅವರಿಗೆ ಹೋಗುವುದು ಒಂದು ದಿನದ ಲಾಭ.

ಇದೇ ವದಂತಿಗೆ ಇನ್ನೊಂದು ಮುಖವಿದೆ: ತಪ್ಪು ಅಚ್ಚಿನ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ‘ಕಮಿಷನ್’ ಕಟ್ಟಿ ಎನ್ನುವ ಜಾಹೀರಾತು. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಹೆಸರು ಬಳಸಿ ಹೀಗೆ ಹಣ ಕೇಳುವವರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಬಹುಪಾಲು ಸಣ್ಣಪುಟ್ಟ ದೋಷದ ನಾಣ್ಯಗಳಿಗೆ ಮುಖಬೆಲೆಗಿಂತ ಹೆಚ್ಚು ಸಿಗುವುದಿಲ್ಲ. ಆಸಿಡ್‌ನಲ್ಲಿ ಸವೆಸಿ, ಸುತ್ತಿಗೆಯಿಂದ ಬಡಿದು ‘ಎರರ್’ ಮಾಡುವವರೂ ಇದ್ದಾರೆ. ನಾಣ್ಯ ಹಾಳುಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ.

ಈಗ ನಾನು ಹತ್ತು ರೂಪಾಯಿ ನಾಣ್ಯಗಳನ್ನು ಮಾತ್ರ ಸಂಗ್ರಹಿಸಿ ಇಡುವುದಿಲ್ಲ. ಕಾಸಿಮೇಡಿನ ಗುರುತಿನವರಲ್ಲಿ ಉಳಿದುಹೋದವನ್ನು ನೋಟು ಕೊಟ್ಟು ಪಡೆದು, ತಿಂಗಳಿಗೊಮ್ಮೆ ಬ್ಯಾಂಕಿಗೆ ಕಟ್ಟುತ್ತೇನೆ. ಸಾಲಿನಲ್ಲಿ ನಿಲ್ಲಲು ನನಗೆ ರಜೆ ಇದೆ, ಅವರಿಗಿಲ್ಲ. ಈವರೆಗೆ ಒಂದು ನಾಣ್ಯವೂ ವಾಪಸ್ ಬಂದಿಲ್ಲ.